ಮೊಪೆಡ್ ಮೇಲೊಂದು ಬೀಸುಕಲ್ಲು

ತಿಗನಾರೆಯ ಹಾದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಗಿಹೊಲಕ್ಕೆ ಇಳಿದಿದ್ದ ಆನೆಗಳು ಕಾಡಿಗೆ ಮರಳಿದವು ಎಂದು ಕಾವಲಿನವರು ಕೂಗಿ ಹೇಳಿದ ಮೇಲೆಯೇ ಶಿವಮಲ್ಲು ಮೊಪೆಡ್ ಶುರು ಮಾಡುತ್ತಾರೆ. ಹಿಂದಿನ ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಬಿಗಿದು ಕಟ್ಟಿದ ಬೀಸುಕಲ್ಲು, ಕಾಲ ಬಳಿ ರಾಗಿ ಚೀಲ, ಜೇಬಿನಲ್ಲಿ ಬೆರಳುದ್ದದ ರೆಕಾರ್ಡರ್. ಕಲ್ಲಿನ ತೂಕ ಇಪ್ಪತ್ತೆಂಟು ಕಿಲೋ. ಹೊತ್ತು ಹೊತ್ತು ಬೇಸತ್ತು ಒಂದು ದಿನ ಅವರೇ ತೂಗಿ ನೋಡಿದ್ದಾರೆ.

ತಕ್ಕಡಿಗೇನೂ ಬರವಿಲ್ಲ. ನಲವತ್ತೇಳರ ಶಿವಮಲ್ಲು ತಾಳವಾಡಿಯ ಹಿಟ್ಟಿನ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ದುಡಿಯುತ್ತಿದ್ದಾರೆ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಬೀಸೋ ಪದಗಳ ಬಾಯಿ ಮುಚ್ಚಿಸಿದ್ದೇ ಮಿಲ್ಲು. ಅದರ ಮೋಟಾರು ಹಾಕುವ ಕೈಯೇ ಈಗ ಆ ಪದಗಳನ್ನು ಹುಡುಕುತ್ತಾ ಹಟ್ಟಿಯಿಂದ ಹಟ್ಟಿಗೆ ಅಲೆಯುತ್ತಿದೆ. ಇದನ್ನು ಕೆದಕಿದರೆ ಅವರು ನಗುತ್ತಾರೆ: "ಮಗಿನ ಚೂಟೋನೂ ನಾನೇ ಸಾ, ತೊಟ್ಲ ತೂಗೋನೂ ನಾನೇ."

ಶುರುವಾಗಿದ್ದು ೨೦೦೨ರಲ್ಲಿ. ಮಿಲ್ಲಿನಲ್ಲಿ ಕರೆಂಟು ಹೋಗಿತ್ತು. ಸಾಲಿನಲ್ಲಿ ಕುಳಿತಿದ್ದ ತಿಗನಾರೆಯ ಚೌಡಮ್ಮ ಏನನ್ನೋ ಗುನುಗುತ್ತಿದ್ದರು. ಕರೆಂಟು ಬಂತು, ಮೋಟಾರು ಗುಡುಗಿತು, ಗುನುಗು ನಿಂತಿತು. ಆಮೇಲೆ ಎಷ್ಟು ಗೋಗರೆದರೂ "ಮರ್ತೋಗದ ಕಣ್ಲಾ" ಎಂಬ ಒಂದೇ ಮಾತು. ಹಾಗೆ ಹೇಳುವಾಗಲೂ ಮುದುಕಿಯ ಬಲಗೈ ಮಾತ್ರ ಮಡಿಲಲ್ಲಿ ತನ್ನಷ್ಟಕ್ಕೆ ಸುತ್ತುತ್ತಿತ್ತು. ಶಿವಮಲ್ಲು ಅದನ್ನು ನೋಡಿದರು. ಪದ ಇರುವುದು ಬಾಯಲ್ಲಲ್ಲ, ಕೈಯಲ್ಲಿ ಎಂದು ಅವರಿಗೆ ಹೊಳೆದದ್ದು ಆಗ. ಹೆಚ್ಚಿನ ಮನೆಗಳಲ್ಲಿ ಬೀಸುಕಲ್ಲು ಮೆಟ್ಟಿಲಾಗಿಯೋ ಪಾಯದ ಕಲ್ಲಾಗಿಯೋ ಕಾಲವಾಗಿತ್ತು. ಬಚ್ಚಲ ಪಕ್ಕ ಬಿದ್ದಿದ್ದ ತಾಯಿಯ ಕಲ್ಲನ್ನು ತೊಳೆದು ಗಾಡಿಗೆ ಏರಿಸಿದರು.

ಈ ಆರು ವರ್ಷಗಳಲ್ಲಿ ಹನ್ನೊಂದು ಊರು, ಮೂವತ್ತೇಳು ಹೆಂಗಸರು, ಇನ್ನೂರ ಹನ್ನೆರಡು ಪದ. ಮೊದಮೊದಲು ಕ್ಯಾಸೆಟ್ಟಿಗೆ ಹಿಡಿದದ್ದರಲ್ಲಿ ಒಂದಷ್ಟನ್ನು ಇಲಿ ಕಡಿದವು, ಒಂದಷ್ಟಕ್ಕೆ ಬೂಷ್ಟು ಹಿಡಿಯಿತು. ಉಳಿದವನ್ನು ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಸೆಂಟರ್ ನಡೆಸುವ ರಂಜಿತ ಒಂದೊಂದಾಗಿ ಸಿ.ಡಿ.ಗೆ ಏರಿಸಿಕೊಟ್ಟಿದ್ದಾರೆ. "ಕಲ್ಲಿನ ಗರಗರ ತೆಗೆದುಬಿಡಲಾ ಮಲ್ಲಣ್ಣ?" ಎಂದು ಆಕೆ ಒಮ್ಮೆ ಕೇಳಿದ್ದುಂಟು. ಶಿವಮಲ್ಲು ಹೌಹಾರಿದ್ದರು. "ಕಲ್ಲ ಸದ್ದ ತಗುದ್ಬುಟ್ರ ಪದ ಕುಂಟ್ತದ ಕಣವ್ವಾ!"

ಇಷ್ಟೆಲ್ಲ ಸಿಕ್ಕರೂ ಒಂದು ಮುಳ್ಳು ಉಳಿದಿತ್ತು. ಅದು ಚೌಡಮ್ಮನ ಅಕ್ಕ-ತಂಗಿ ಪದ. ಕಳೆದುಹೋದ ಹಸುವನ್ನು ಹುಡುಕಲು ಇಬ್ಬರು ಕಾಡಿಗೆ ಹೋಗುತ್ತಾರೆ, ತಂಗಿ ಮಾತ್ರ ಮರಳುತ್ತಾಳೆ. ಅಕ್ಕ ಏನಾದಳು? ಇದನ್ನು ಬಲ್ಲವರು ಚೌಡಮ್ಮ ಒಬ್ಬರೇ. ಮೊದಲ ಸಲ ಶಿವಮಲ್ಲು ಎರಡೇ ಸೇರು ರಾಗಿ ಒಯ್ದಿದ್ದರು. ಅಕ್ಕ ಕಾಡಿನ ನಡುವೆ ಇರುವಾಗಲೇ ರಾಗಿ ಮುಗಿಯಿತು. ಮುದುಕಿ ಕೈ ತೆಗೆದುಬಿಟ್ಟರು. ಬರಿಗಲ್ಲು ಬೀಸಿದರೆ ಮನೆಗೆ ಕೇಡು ಎಂಬುದು ಇಲ್ಲಿನ ನಂಬಿಕೆ. ಹಿಟ್ಟಿನ ಮಿಲ್ಲಿನವನಿಗೇ ರಾಗಿಯ ಲೆಕ್ಕ ತಪ್ಪಿತೆಂದು ಊರೆಲ್ಲ ನಕ್ಕಿತು. ಆಮೇಲೆ ಚೌಡಮ್ಮ ಜಾರಿಬಿದ್ದು ಬಲಗೈಯ ಕಸುವು ಹೋಯಿತು. ಅವರಿಗೆ ಜೋಡಿಯಾಗಿ ಬೀಸುತ್ತಿದ್ದ ವಾರಗಿತ್ತಿ ದೊಡ್ಡಮಾದಮ್ಮ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಪದ ಅರ್ಧದಲ್ಲೇ ಹೋಗಿಬಿಡುತ್ತದೇನೋ ಎಂದು ಶಿವಮಲ್ಲುವಿಗೆ ಊಟ ಸೇರದಾಯಿತು.

ಇವತ್ತು ಚೀಲದಲ್ಲಿ ನಾಲ್ಕು ಸೇರು ರಾಗಿ ಇದೆ. ಚೌಡಮ್ಮನ ಮನೆಯ ಜಗಲಿಯ ಮೇಲೆ ಕಲ್ಲು ಹೂಡಿದ್ದಾಯಿತು. ಎದುರು ಕೂರುವವರು ಯಾರು? ಸೊಸೆಯಂದಿರು ಆಗಲೇ ಕೂಲಿಗೆ ಹೋಗಿದ್ದಾರೆ. ಬೀಸುಕಲ್ಲಿಗೆ ಗಂಡಸು ಕೈ ಹಾಕುವುದು ಈ ಸೀಮೆಯಲ್ಲಿ ನಗೆಪಾಟಲಿನ ಸಂಗತಿ. ಶಿವಮಲ್ಲು ಅತ್ತಿತ್ತ ನೋಡಿ, ಪಂಚೆ ಸಿಕ್ಕಿಸಿ, ಎದುರಿಗೆ ಕೂತೇಬಿಡುತ್ತಾರೆ.

"ಥೂ, ನಿನಗ್ಯಾನ್ಲಾ ಬಂದದ್ದು?" ಚೌಡಮ್ಮ ಬೊಚ್ಚುಬಾಯಿ ತೆರೆದು ನಗುತ್ತಾರೆ.

"ಮಿಲ್ಲಲ್ಲಿ ದಿನಾ ಬೀಸಾಂವ ನಾನೇಯ ಅವ್ವಾ. ನೀ ಪದ ಏಳು."

"ಕೂತ್ಮ್ಯಾಲ ಸೊಲ್ಲ ಕೊಡ್ಬೇಕು ಕಣಾ. ಸುಮ್ನ ಕೂತ್ರ ಪದ ಬರಾಕಿಲ್ಲ."

ಕಲ್ಲು ತಿರುಗುತ್ತದೆ. ಮುದುಕಿ ಎತ್ತಿದ ಸಾಲನ್ನೇ ಮತ್ತೆ ಹಾಡಿ ಶಿವಮಲ್ಲು ಒಡಕು ದನಿಯಲ್ಲಿ ಸೊಲ್ಲು ಕೊಡುತ್ತಾರೆ, ನಾಚಿಕೆಗೆ ಕಿವಿ ಕೆಂಪಗಾಗುತ್ತದೆ. ಹೊತ್ತು ಏರುತ್ತದೆ, ಚೀಲ ಇಳಿಯುತ್ತದೆ. ಕೊನೆಯ ಹಿಡಿಯನ್ನು ಚೌಡಮ್ಮ ಎಡಗೈ ಮುಷ್ಟಿಯಲ್ಲೇ ಇಟ್ಟುಕೊಂಡು, ಕಾಳು ಕಾಳಾಗಿ ಕಲ್ಲಿನ ಬಾಯಿಗೆ ಬಿಡುತ್ತಾರೆ.

"ಕೊಟ್ಟೀಗಿ ಬಾಗ್ಲಲ್ಲಿ ಗಂಟೆಯ ಸದ್ದಾಯ್ತು, ತಂಗ್ಯವ್ವ ಏಳೆ ಕದ ತೆಗೆಯೆ..."

ಅಕ್ಕ ಹಸುವಿನೊಂದಿಗೆ ಮನೆಗೆ ಬಂದಳು. ಕಲ್ಲು ನಿಂತಿತು. ಶಿವಮಲ್ಲು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆಗಿನ ಅವರ ಮುಖವನ್ನು ನೋಡಬೇಕಿತ್ತು. ಚೌಡಮ್ಮ ಹಿಟ್ಟನ್ನು ಮೊರಕ್ಕೆ ಬಳಿಯುತ್ತಾ, "ಇನ್ ನಂಗೇನೂ ಬಾಕಿ ಇಲ್ಲ, ಓಗು" ಎಂದಷ್ಟೇ ಹೇಳಿದರು.

ಹತ್ತು ಗಂಟೆಗೆ ಮಿಲ್ಲು. ಹನ್ನೊಂದಕ್ಕೆ ಎಂದಿನಂತೆ ಕರೆಂಟು ಹೋಗುತ್ತದೆ. ಸಾಲಿನಲ್ಲಿ ಹದಿನಾಲ್ಕು ಹೆಂಗಸರು. ಶಿವಮಲ್ಲು ರೆಕಾರ್ಡರ್‌ಗೆ ಬ್ಯಾಟರಿ ಸ್ಪೀಕರ್ ಸಿಕ್ಕಿಸಿ ತೌಡಿನ ಡಬ್ಬದ ಮೇಲೆ ಇಡುತ್ತಾರೆ. ಕರೆಂಟಿಲ್ಲದ ಹೊತ್ತಿನಲ್ಲಿ ಪದ ಕೇಳಿಸುವುದು ಇಲ್ಲಿನ ಪದ್ಧತಿಯೇ ಆಗಿದೆ. ಸೊಲ್ಲಿನ ದನಿ ಕೇಳಿದ್ದೇ ಪರಿಮಳ ಎಂಬಾಕೆ, "ಅಯ್ಯೋ, ಇದ್ಯಾರದು ಕ್ವಾಣದ್ ಗಂಟ್ಲು?" ಎನ್ನುತ್ತಾರೆ. ಎಲ್ಲರೂ ಗೊಳ್ಳೆನ್ನುತ್ತಾರೆ. ಶಿವಮಲ್ಲು ಮಿಷನ್ನಿನ ಹಿಂದೆ ಸರಿದು ಬೆಲ್ಟು ನೋಡುವವರಂತೆ ನಟಿಸುತ್ತಾರೆ. ಕ್ರಮೇಣ ನಗು ತಣ್ಣಗಾಗುತ್ತದೆ, ಅಕ್ಕ ಕಾಡಿನೊಳಗೆ ಹೋಗುತ್ತಾಳೆ.

ಅಷ್ಟರಲ್ಲಿ ಮೇಲಿನ ಬಲ್ಬು ಹತ್ತಿಕೊಳ್ಳುತ್ತದೆ. ಶಿವಮಲ್ಲು ಅಭ್ಯಾಸಬಲದಿಂದ ಸ್ವಿಚ್ಚಿಗೆ ಕೈ ಚಾಚುತ್ತಾರೆ.

"ತಡಿಯಣ್ಣೋ! ಅಕ್ಕ ಮನಗ ಬಂದ್ಬುಡ್ಲಿ." ಸಾಲಿನಿಂದ ಒಬ್ಬಾಕೆ ಕೂಗುತ್ತಾರೆ.

ಚಾಚಿದ ಕೈ ಹಾಗೇ ಇಳಿಯುತ್ತದೆ. ತಲೆಗೂದಲಿನ ತುಂಬ ಹಿಟ್ಟು ಹೊತ್ತ ಆ ಮನುಷ್ಯ ಮೆಲ್ಲಗೆ ಹೇಳುತ್ತಾರೆ:

"ಇಷ್ಟ್ ವರ್ಸ ಮಿಲ್ಲಿಗ ಎದ್ರಿ ಪದ ಓಡೋಗ್ತಿತ್ತು ಸಾ. ಇವತ್ತು ಪದ ಮುಗೀಲಿ ಅಂತ ಮಿಲ್ಲು ಕಾಯ್ತಾ ಅದ."