ಪಿಂಗಾಣಿಯ ಮೇಲೆ ನೀಲಿ ಕಿಡಿ

ಟ್ರಾನ್ಸ್‌ಫಾರ್ಮರಿನ ಮೇಲಿನ, ಉಪ್ಪು ಮೆತ್ತಿದ ಪಿಂಗಾಣಿ ಇನ್ಸುಲೇಟರಿನಲ್ಲಿ ನೀಲಿ ಕಿಡಿ ಹರಿದಾಡಿತು. ಬೇಲಿಯೊಳಗೆ, ಅದರ ಕೆಳಗೇ ನನ್ನ ಸಹೋದ್ಯೋಗಿ ಸುಜಾತಾ ನಿಂತು ತುಕ್ಕಿನ ಫೋಟೊ ತೆಗೆಯುತ್ತಿದ್ದರು. ವಿಶಾಖಪಟ್ಟಣದ ಪರವಾಡದಲ್ಲಿರುವ ನಮ್ಮ ಕಾರ್ಖಾನೆಗೆ ಹೊಸ ಟ್ರಾನ್ಸ್‌ಫಾರ್ಮರ್ ಆರಿಸಬೇಕಿತ್ತು. ಹಳೆಯದನ್ನು ಕಡಲಗಾಳಿ ಎಷ್ಟು ತಿಂದಿದೆಯೆಂದು ನೋಡಲು ಆ ಮಂಜಿನ ಬೆಳಗ್ಗೆ ನಾವಿಬ್ಬರೂ ಹೋಗಿದ್ದೆವು.

“ಸುಜಾತಾ, ಹೊರಗ ಬರ್ರಿ, ಲಗೂನ!” ಎಂದು ಚೀರಿದೆ.

“ಏನಾಯ್ತಂಡಿ?” ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳುತ್ತಲೇ ಅವರು ಬೇಲಿಯ ಗೇಟು ದಾಟಿ ಓಡಿಬಂದರು. ಹಿಂದೆಯೇ ಸಿಡಿಲಿನಂಥ ಸದ್ದು. ಅವರು ನಿಂತಿದ್ದ ಜಾಗದ ತುಂಬ ಪಿಂಗಾಣಿ ಚೂರುಗಳು ಬಿದ್ದವು.

ಕಡಲತೀರಕ್ಕೆಂದೇ ಮಾಡಿದ, ಉಪ್ಪು ಕೂತರೂ ಕಿಡಿ ಸುಲಭಕ್ಕೆ ದಾಟದಷ್ಟು ಉದ್ದನೆಯ ಪಿಂಗಾಣಿಯ ಟ್ರಾನ್ಸ್‌ಫಾರ್ಮರನ್ನೇ ಆಮೇಲೆ ತರಿಸಿದೆವು. ಆದರೂ ಯಾರಾದರೂ ಅದರ ಬಳಿ ಹೋದರೆ, ಅವರು ಹೊರಬರುವವರೆಗೂ ನಾನು ಅಲ್ಲಿಂದ ಕದಲುವುದಿಲ್ಲ.