ಫಾದರ್ ಊಟ ಮುಗಿಸುವ ತನಕ

ಬಿಳಿ ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದ ಮನುಷ್ಯ ಪಾದ್ರಿಯೆಂದು ನನ್ನನ್ನು ಸೇರಿಸಲು ಬಂದ ನಮ್ಮಪ್ಪನಿಗೆ ಹೊಳೆಯಲೇ ಇಲ್ಲ. ಮೀನಖಂಡದವರೆಗೆ ಕೆಸರು, ತಲೆಗೆ ಸುತ್ತಿದ ಟವಲ್ಲು. "ಫಾದರ್ ಎಲ್ಲವ್ರೆ ಸಾ?" ಎಂದು ಅವರನ್ನೇ ಕೇಳಿದ. "ಇಲ್ಲೇ ಅವ್ನೆ, ಕಾಲು ತೊಳ್ಕಂಡು ಬತ್ತಾನೆ, ಕೂತ್ಕಳಿ" ಅಂದರು. ಅವರೇ ಕೊಳ್ಳೇಗಾಲದ ನಮ್ಮ ಬೋರ್ಡಿಂಗಿನ ವಾರ್ಡನ್.

ಲೊಕ್ಕನಹಳ್ಳಿಯಿಂದ ಬಂದ ನನಗೆ ಮೊದಲ ವಾರವೇ ಅಲ್ಲಿ ಉಸಿರು ಕಟ್ಟಿದಂತಾಗಿ ಊರಿಗೆ ಓಡಿಹೋದೆ. ಮಾರನೆಯ ದಿನ ಫಾದರ್ ಬಸ್ಸು ಹತ್ತಿ ನಮ್ಮ ಮನೆಗೇ ಬಂದುಬಿಟ್ಟರು. ನಾನು ಕೊಟ್ಟಿಗೆಯಲ್ಲಿ ಅವಿತು ಕೂತೆ. ಅವರು ಅವ್ವನ ಹತ್ತಿರ ಹಸುವಿನ ಸಮಾಚಾರ ಮಾತಾಡುತ್ತ ನಿಧಾನವಾಗಿ ಮುದ್ದೆ ಉಂಡರು. ಹೊರಡುವಾಗ ಕೊಟ್ಟಿಗೆಯ ಕಡೆ ತಿರುಗಿ, "ಬಸ್ಸು ಬರೋ ಹೊತ್ತಾಯ್ತು ಕಣಪ್ಪ, ನಾನು ಓಯ್ತೀನಿ. ಬರದಾದ್ರೆ ಬಾ" ಅಂದರು, ಅಷ್ಟೇ. ಬೈದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ.

ನಮ್ಮಲ್ಲಿ ಹೆಚ್ಚಿನವರು ಕಾಡಂಚಿನ ಊರುಗಳ ಹಿಂದೂ ಮನೆಯವರು. ಮಾದಪ್ಪನ ವಿಭೂತಿ ಹಚ್ಚಿಕೊಂಡೇ ಕ್ಲಾಸಿಗೆ ಹೋಗುತ್ತಿದ್ದೆವು, ಅಳಿಸು ಎಂದು ಯಾರೂ ಹೇಳಲಿಲ್ಲ. ಊರಲ್ಲಿ ಅಪ್ಪಂದಿರ ಜೊತೆ ಹೊಲದ ಅಟ್ಟಣೆಯಲ್ಲಿ ಮಲಗಿ, ಆನೆ ನುಗ್ಗದಂತೆ ಬೆಳೆ ಕಾದವರು ನಾವು. ನಿದ್ದೆಯಲ್ಲಿ ಬೆಚ್ಚಿ ಕೂಗುತ್ತಿದ್ದೆವು. ಅದಕ್ಕೇ ಫಾದರ್ ತಮ್ಮ ಕೋಣೆ ಬಿಟ್ಟು ನಾವು ಮಲಗುವ ಕಡೆಯೇ ಮಂಚ ಹಾಕಿಸಿಕೊಂಡಿದ್ದರು. "ಆನೆ ಇಲ್ಲ ಕಣಪ್ಪ, ನಾನಿವ್ನಿ, ಮಲಿಕೊ" ಎಂಬ ಆ ದನಿ ಕೇಳಿದರೆ ಮತ್ತೆ ನಿದ್ದೆ ಹತ್ತುತ್ತಿತ್ತು.

ಅಲ್ಲಿ ಬೆಚ್ಚಿ ಕೂಗಿದವರಲ್ಲೇ ಒಬ್ಬ ಶಾಸಕನಾದ, ಒಬ್ಬ ಹೆಸರಾಂತ ಡಾಕ್ಟರಾದ, ಇನ್ನೊಬ್ಬ ದೊಡ್ಡ ಪೊಲೀಸ್ ಅಧಿಕಾರಿಯಾಗಿ ನಿವೃತ್ತನಾದ. ನಾನು ಯಳಂದೂರಿನ ತಾಲ್ಲೂಕು ಕಚೇರಿಯ ಗುಮಾಸ್ತ. ನನ್ನ ಮಾತಿಗೆ ಕಚೇರಿಯ ಫ್ಯಾನೂ ತಿರುಗುವುದಿಲ್ಲ. ಇಷ್ಟು ದೊಡ್ಡ ಶಿಷ್ಯರಿದ್ದೂ ಫಾದರ್ ಯಾರನ್ನೂ ಏನನ್ನೂ ಕೇಳಿದವರಲ್ಲ. "ಕೇಳಕ್ಕಾ ನಿಮ್ಮನ್ನ ಓದ್ಸಿದ್ದು?" ಅನ್ನುತ್ತಿದ್ದರು. ಆ ಹಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಆ ಉರಿ ಇನ್ನೂ ಜಾಸ್ತಿಯಾಯಿತು. ವಯಸ್ಸಾದ ಫಾದರ್ ಅವರನ್ನು ಮೈಸೂರಿನ ವಿಶ್ರಾಂತಿಧಾಮಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅವರ ಜಾಗಕ್ಕೆ ಬರಲು ಎಳೆಯ ಪಾದ್ರಿಗಳು ಇರಲಿಲ್ಲ. ಹುಡುಗರ ಜೊತೆ ಉಳಿಯುವವರು ಸಿಗದಿದ್ದರೆ ಬೇಸಿಗೆ ರಜೆ ಕಳೆದ ಮೇಲೆ ಬೋರ್ಡಿಂಗ್ ಬಾಗಿಲು ತೆಗೆಯುವುದಿಲ್ಲ ಎಂದರು ಚರ್ಚಿನ ಮೇಲಿನವರು. ತೆಗೆಯದಿದ್ದರೆ ಆ ಹುಡುಗರು ಓದು ಬಿಟ್ಟು ಹೊಲದ ಕಾವಲಿಗೆ ಹೋಗುವುದು ಗ್ಯಾರಂಟಿ.

"ಒಂದು ಮಾತು ಹೇಳಿ ಫಾದರ್, ಎಲ್ರೂ ಓಡ್ ಬತ್ತಾರೆ" ಅಂದೆ.

"ಊಟಕ್ಕೆ ಕರಿಯಪ್ಪ, ಸಾಕು" ಅಂದರು.

ಊಟಕ್ಕೆ ಎಲ್ಲರೂ ಬಂದರು. ಶಾಸಕ ಮಹಾದ್ವಾರ ಕಟ್ಟಿಸುತ್ತೇನೆ ಅಂದ. ಡಾಕ್ಟರು ಫಾದರ್ ಅವರದ್ದೇ ಪುತ್ಥಳಿ ಮಾಡಿಸುತ್ತೇನೆ ಅಂದ. ಫಾದರ್ ಎಲ್ಲದಕ್ಕೂ "ಸರಿಪ್ಪಾ" ಅನ್ನುತ್ತ ಉಣ್ಣುತ್ತಿದ್ದರು. ಬಾಗಿಲಲ್ಲಿ ಶಾಸಕನ ಪಿಎ ಗಡಿಯಾರ ತೋರಿಸುತ್ತಿದ್ದ. ಶಾಸಕ ಅರ್ಧ ಎದ್ದ. ನಮ್ಮ ಬೋರ್ಡಿಂಗಿನಲ್ಲಿ ಕೊನೆಯವನ ತಟ್ಟೆ ಖಾಲಿಯಾಗುವ ತನಕ ಯಾರೂ ಪಂಕ್ತಿಯಿಂದ ಏಳುವಂತಿರಲಿಲ್ಲ. ಅದು ನೆನಪಾಗಿ ಪಕ್ಕಕ್ಕೆ ನೋಡಿದ. ಫಾದರ್ ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಆರಾಮವಾಗಿ ಸಾರು ಕಲಸುತ್ತಿದ್ದರು. ಶಾಸಕ ಮತ್ತೆ ಕೂತ.

ಎಂಜಲ ಕೈ ಒಣಗಿಸಿಕೊಂಡು ಕೂತ ದೊಡ್ಡ ಮನುಷ್ಯರಿಗೆ ಮಾತಾಡದೆ ಬೇರೆ ದಾರಿ ಇರಲಿಲ್ಲ.

"ದ್ವಾರ ಕಟ್ಟಿದ್ಮೇಲೆ ಒಳಗೆ ಯಾರಿರ್ತಾರ್ಲಾ?" ಅಂದ ನಿವೃತ್ತ ಪೊಲೀಸು.

"ಸಂಬಳಕ್ಕೆ ಯಾರ್ನಾದ್ರೂ ಇಡುವ ಬಿಡ್ಲಾ" ಅಂದ ಶಾಸಕ.

"ಸಂಬಳದೋನು ಬೀಗ ಹಾಕ್ಕಂಡು ಓಯ್ತಾನೆ. ರಾತ್ರಿ ಹುಡುಗ್ರು ಕೂಗುದ್ರೆ?"

ಫಾದರ್ ಅನ್ನ ಕಲಸುತ್ತಲೇ ಇದ್ದರು. ಇವರು ಕೈ ತೊಳೆದರೆ ಎಲ್ಲರೂ ಎದ್ದು ಹೊರಡುತ್ತಾರೆ, ಬೋರ್ಡಿಂಗ್ ಕತೆ ಮುಗಿಯಿತು ಅನ್ನಿಸುತ್ತಿತ್ತು.

ಪೊಲೀಸು ತನ್ನ ಖಾಲಿ ತಟ್ಟೆಯನ್ನೇ ನೋಡುತ್ತ ಹೇಳಿದ: "ಹೆಂಡ್ತಿ ತೀರ್ಕಂಡ್ಮೇಲೆ ಮನೇಲಿ ನಾನೊಬ್ನೆ. ನಾನೇ ಬಂದಿರ್ತೀನಿ ಫಾದರ್."

ಫಾದರ್ ಕೈ ನಿಂತಿತು. "ಪೊಲೀಸ್ ದನಿ ಮನೇಲೇ ಬಿಟ್ಬಂದ್ರೆ ಬಾ. ಹುಡುಗ್ರು ಎದರ್ಕತವೆ" ಅಂದರು.

"ನಾನೂ ಇಲ್ಲೇ ಎದರ್ಕಂಡಿದ್ದೋನಲ್ವಾ ಫಾದರ್."

ಫಾದರ್ ತಕ್ಷಣ ಎದ್ದರು. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಉಳಿದಿತ್ತು. ಒಂದು ಅಗುಳು ಚೆಲ್ಲಿದರೂ ಗದರುತ್ತಿದ್ದ ಮನುಷ್ಯ ಅನ್ನ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹಸಿವಿಗಾಗಿ ಹಾಕಿಸಿಕೊಂಡ ಅನ್ನವಲ್ಲ ಅದು ಎಂದು ನನಗೆ ಆಗ ತಿಳಿಯಿತು. ಬಾಯಿಬಿಟ್ಟು ಕೇಳದ ಮನುಷ್ಯ ಕೇಳುವ ರೀತಿ ಅದು. ಅಷ್ಟು ವರ್ಷದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ರಜೆ ಕಳೆದು ಬೋರ್ಡಿಂಗ್ ಬಾಗಿಲು ತೆಗೆಯಿತು. ಮಳೆಗಾಲದ ಕೊನೆಗೆ ಫಾದರ್ ಮೈಸೂರಿನಲ್ಲಿ ತೀರಿಕೊಂಡರು. ಮಣ್ಣಿಗೆ ದೊಡ್ಡವರೆಲ್ಲ ಬಂದಿದ್ದರು, ಹಾರಗಳ ರಾಶಿಯೇ ಇತ್ತು. ಪೊಲೀಸು ಮಾತ್ರ ಕಾಣಲಿಲ್ಲ. ಫಾದರ್ ಋಣ ಇಷ್ಟು ಬೇಗ ಮರೆತನೇ ಎಂದು ಫೋನ್ ಮಾಡಿದೆ.

"ಇಬ್ರಿಗೆ ಜ್ವರ ಕಣ್ಲಾ" ಅಂದ, ದನಿ ತಗ್ಗಿಸಿ. "ಈಗ್ತಾನೆ ಮಲಗವೆ. ಬಿಟ್ಟು ಎಂಗ್ ಬರ್ಲಿ?"

ಫೋನ್ ಇಟ್ಟು ಹೋಗಿ ಫಾದರ್ ಅವರಿಗೆ ಒಂದು ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ, ಎದೆ ಹಗುರಾಗಿತ್ತು.