ಹಿಂದಿನ ಮನೆಯ ಬಾವಿಗೆ ಇಳಿದ ಪೆಟ್ರೋಲು

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಜಯನಗರದಿಂದ ತಿಲಕ್ ನಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಪೆಟ್ರೋಲ್ ಬಂಕ್ ಇತ್ತು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಕೌಂಟರಿನಲ್ಲಿ ಹೆಂಗಸನ್ನು ಕಂಡು ಸ್ಕೂಟರಿನವರು ಮೊದಮೊದಲು ಬೆರಗಾಗುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು.

ಒಂದು ಬೆಳಿಗ್ಗೆ ಬಂಕಿನ ಹಿಂದಿನ ಮನೆಯ ಅಜ್ಜಿ ಚೊಂಬು ಹಿಡಿದು ಬಂದರು. ಅವರ ಬಾವಿ ನೀರನ್ನೇ ನಮ್ಮ ಕೆಲಸದವರೂ ಕುಡಿಯುತ್ತಿದ್ದದ್ದು.

“ಮೂಸಿ ನೋಡಮ್ಮ. ನನ್ನ ಮೂಗು ಸರಿಯಿಲ್ಲ ಅಂತಾಳೆ ಸೊಸೆ. ನೀನೇ ಹೇಳು.”

ಚೊಂಬನ್ನು ಮುಖದ ಹತ್ತಿರ ತಂದೆ. ಪೆಟ್ರೋಲು. ದಿನವಿಡೀ ಅದರಲ್ಲೇ ಇರುತ್ತಿದ್ದ ನನಗೆ ಅನುಮಾನವೇ ಉಳಿಯಲಿಲ್ಲ.

“ಅಜ್ಜಿ, ಇದನ್ನ ಯಾರೂ ಕುಡೀಬೇಡಿ. ಅಡುಗೆಗೂ ಬೇಡ.”

ಅಜ್ಜಿಯ ಮಗ ಸರ್ಕಾರಕ್ಕೆ ದೂರು ಕೊಟ್ಟರು. ಕೊಡದೆ ಇನ್ನೇನು ಮಾಡಿಯಾರು? ಸ್ವಲ್ಪ ದಿನಕ್ಕೆ ಇಬ್ಬರು ಅಧಿಕಾರಿಗಳು ಬಂದು ಬಾವಿಗೆ ಬಕೆಟ್ ಇಳಿಸಿದರು. ಮೇಲೆ ಬಂದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಅಲ್ಲಿಂದ ನೇರ ಬಂಕಿಗೇ ಬಂದರು.

“ಮೇಡಂ, ನೆಲದೊಳಗಿನ ಟ್ಯಾಂಕ್ ಸೋರ್ತಿರೋ ಹಾಗಿದೆ,” ಎಂದರು ಹಿರಿಯರು. “ಪರೀಕ್ಷೆ ಆಗೋವರ್ಗೂ ಬಂಕ್ ಮುಚ್ಚಿ.”

“ಸಾರ್, ಟ್ಯಾಂಕ್ ಕಂಪನಿಯವ್ರು ಹಾಕಿದ್ದು. ನಾನೇನು ಮಾಡ್ಲಿ?”

“ಹಾಗಾದ್ರೆ ಅವ್ರನ್ನ ಕರೆಸಿ.”

ಕಂಪನಿಗೆ ಫೋನ್ ಮಾಡಿದೆ. ಇಂಜಿನಿಯರ್ ಟೂರಿನಲ್ಲಿದ್ದಾರೆ ಎಂದರು. ಮರುದಿನವೂ ಅದೇ ಮಾತು. ಕೊನೆಗೆ ಅವರ ಆಫೀಸಿಗೇ ಹೋಗಿ ಬೆಂಚಿನ ಮೇಲೆ ಕೂತೆ. ಇತ್ತ ನಾವು ಬಂಕ್ ಮುಚ್ಚಿ ಕೂತಿದ್ದರೂ, ಅತ್ತ ನೆಲದೊಳಗೆ ಪೆಟ್ರೋಲು ಹನಿಹನಿಯಾಗಿ ಹೋಗುತ್ತಲೇ ಇರಬೇಕು. ನಾನು ಕೂತಲ್ಲಿಂದ ಏಳದೆ ಇದ್ದದ್ದರಿಂದಲೋ ಏನೋ, ಕಡೆಗೊಮ್ಮೆ ಇಂಜಿನಿಯರ್ ಬಂದರು. ಉಳಿದ ಪೆಟ್ರೋಲನ್ನು ಟ್ಯಾಂಕರ್ ಲಾರಿಗೆ ತುಂಬಿಸಿದರು. ಟ್ಯಾಂಕಿಗೆ ನೀರು ತುಂಬಿಸಿ, ಇಳಿಯುತ್ತದೆಯೋ ಇಲ್ಲವೋ ನೋಡಬೇಕು ಎಂದರು.

ಆ ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನೀರಿನ ಲಾರಿ ಬಂದು ನಿಂತದ್ದೇ ತಡ, ತಮಗೇ ಬಂತೆಂದು ಅಕ್ಕಪಕ್ಕದ ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು. ಪೈಪು ನೆಲದೊಳಕ್ಕೆ ಹೋದದ್ದನ್ನು ನೋಡಿ ಒಬ್ಬಳು ಕೂಗಿದಳು: “ಏನಕ್ಕಾ, ನಾವು ಬಾಯಾರಿ ಸಾಯ್ತಿದೀವಿ, ನೀವು ಗುಂಡಿಗೆ ಸುರೀತೀರಾ?”

ಅವಳ ಹಿಂದೆ ಅಜ್ಜಿಯ ಸೊಸೆಯೂ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ನಾನು ಹೋಗಿ ಪೈಪು ಹಿಡಿದುಕೊಂಡೆ. “ಮೊದ್ಲು ಬಿಂದಿಗೆ ತುಂಬಿಸಿ ಸಾರ್. ಇನ್ನೊಂದು ಲಾರಿ ನಾನು ತರಿಸ್ತೀನಿ.” ಇಂಜಿನಿಯರ್ ಮುಖ ಗಂಟಿಕ್ಕಿಕೊಂಡರು, ಆದರೆ ತಡೆಯಲಿಲ್ಲ.

ಮನೆಯಲ್ಲಿ ಯಜಮಾನರಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಅವರಿಗೆ ಮಾತು ಒಂದೊಂದೇ ಪದವಾಗಿ ಬರುತ್ತಿತ್ತು. ಆ ಸಂಜೆ, “ಬಂಕ್?” ಎಂದರು.

“ನಡೀತಿದೆ ರೀ.”

ಎಡಗೈಯಿಂದ ನನ್ನ ಸೆರಗು ಎಳೆದು ಮೂಸಿದರು. ಅದರಲ್ಲಿ ದಿನದಿನದ ಪೆಟ್ರೋಲ್ ವಾಸನೆ ಇರಲಿಲ್ಲ. “ಸುಳ್ಳು.”

ಮಂಚದ ಪಕ್ಕ ಕುಸಿದು ಕೂತು ಎಲ್ಲ ಹೇಳಿದೆ. “ಅಜ್ಜಿ… ಕುಡಿದ್ರಾ?” ಎಂದರು.

“ಕುಡಿದಿರ್ತಾರೆ ರೀ. ಎಷ್ಟು ದಿನದಿಂದ ಅಂತ ಯಾರಿಗೂ ಗೊತ್ತಿಲ್ಲ.”

ಬೆಳಿಗ್ಗೆ, ಹಿಂದಿನ ದಿನ ತುಂಬಿಸಿದ್ದ ಟ್ಯಾಂಕಿಗೆ ಅಳತೆ ಕೋಲು ಇಳಿಸಿದರೆ ನೀರು ಒಂದು ಗೇಣು ಇಳಿದಿತ್ತು. ಅಗೆದು ತೆಗೆದಾಗ ಟ್ಯಾಂಕಿನ ತಳದ ಬೆಸುಗೆ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಹೊಸ ಟ್ಯಾಂಕ್ ಬರುತ್ತದೆ ಎಂದು ಕಂಪನಿಯವರು ಹೇಳುತ್ತಲೇ ಇದ್ದರು, ಬರಲಿಲ್ಲ. ಕೆಲಸದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ನಾನು ಬಂಕ್ ಬಿಟ್ಟುಕೊಟ್ಟು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದೆ.

ಬಾವಿಯ ನೀರನ್ನು ಎಷ್ಟು ಸಲ ತೋಡಿ ಹೊರಹಾಕಿದರೂ ವಾಸನೆ ಹೋಗಲಿಲ್ಲ. ಮುಚ್ಚಿಬಿಡಿ ಎಂದರು ಅಧಿಕಾರಿಗಳು. ಮಣ್ಣು ಸುರಿಯುವ ದಿನ ನಾನೂ ಹೋಗಿ ನಿಂತೆ. ಅಜ್ಜಿ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ಅವರ ಕಾಲು ಹಿಡಿಯಬೇಕೆಂದು ಬಗ್ಗಿದೆ. ಅವರು ಹಿಂದೆ ಸರಿದರು.

“ಮನೆಗೆ ಹೋಗಮ್ಮ. ನಿನ್ನ ಗಂಡನಿಗೆ ಊಟದ ಹೊತ್ತಾಯ್ತು.”

ಅದು ಕೋಪವೋ ಕನಿಕರವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ನನಗೆ ಬರಲಿಲ್ಲ.